ಜಗಲಿ ಕಲ್ಲು

ನಮ್ಮ ‘ದೊಡ್ಮನೆ ಬಳಗ’ ಗುಂಪಿನಲ್ಲಿ ಭಾನುವಾರ ನಡೆದದ್ದು. ಹೆಸರು ಬದಲಿಸಿದ್ದೇನೆ, ಎರಡು ಬೈಗುಳ ತೆಗೆದಿದ್ದೇನೆ. ಉಳಿದದ್ದು ಇದ್ದ ಹಾಗೇ.

ಬೆಳಿಗ್ಗೆ 7:12ಕ್ಕೆ ಶುರು ಮಾಡಿದವನು ಮಂಜ. ಮೈಸೂರಿನ ಒಂದು ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಅವನಿಗೆ.

*ಮಂಜ:* (ಫಾರ್ವರ್ಡ್) ⚠️ ಎಚ್ಚರ!! ವಾರಕ್ಕೆ 55 ಗಂಟೆ ಮೇಲೆ ದುಡಿಯೋರಲ್ಲಿ 100ಕ್ಕೆ 35 ಜನಕ್ಕೆ ಲಕ್ವ! ವಿಶ್ವ ಆರೋಗ್ಯ ಸಂಸ್ಥೆ. ದಿನಾ ಒಂದು ಗಂಟೆ ಆಟ ಆಡಿ, ಆಯಸ್ಸು ಹೆಚ್ಚಿಸಿಕೊಳ್ಳಿ. ನಿಮ್ಮವರಿಗೂ ಕಳಿಸಿ 🙏

*ದೊಡ್ಡಪ್ಪ:* ಶುಭೋದಯ. ಕಾಯಕವೇ ಕೈಲಾಸ ಅಂದವ್ರೆ ಬಸವಣ್ಣನೋರು. ನಾವು ಗದ್ದೇಲಿ ಗಡಿಯಾರ ನೋಡ್ಕಂಡು ಗೇಯ್ಲಿಲ್ಲ. ನಿಮಗೆ ಮೂವತ್ತಕ್ಕೇ ಸೊಂಟನೋವು.

*ಲೋಕಿ:* ಸೋರ್ಸ್ ಎಲ್ಲಿ ಮಂಜ?

*ಮಂಜ:* ಫಾರ್ವರ್ಡ್ ಕಣಣ್ಣ. ಬಂತು, ಕಳಿಸ್ದೆ.

ಲೋಕಿ ಅಷ್ಟಕ್ಕೆ ಬಿಡುವ ಆಸಾಮಿಯಲ್ಲ. ಇಪ್ಪತ್ತು ನಿಮಿಷ ‘ಟೈಪಿಂಗ್’ ಅಂತ ತೋರಿಸಿ ಕಡೆಗೆ ಇಳಿಸಿದ:

*ಲೋಕಿ:* 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ ಹೇಳಿದ್ದು ನಿಜ. ಆದ್ರೆ 100ಕ್ಕೆ 35 ಜನ ಅಲ್ಲ. ವಾರಕ್ಕೆ 35-40 ಗಂಟೆ ಮಾಡೋರಿಗಿಂತ 55 ದಾಟಿದೋರಿಗೆ ಲಕ್ವದ ಅಪಾಯ ಶೇ 35 ಜಾಸ್ತಿ. ಅಲ್ಲಿ 20 ಜನಕ್ಕೆ ಹೊಡೆದ್ರೆ ಇಲ್ಲಿ 27 ಜನಕ್ಕೆ, ಅಷ್ಟೆ. ಹೃದಯ ಕಾಯಿಲೆಯಿಂದ ಸಾಯೋ ಅಪಾಯ ಶೇ 17 ಜಾಸ್ತಿ. ಆಟ ಆಡಿದ್ರೆ ಆಯಸ್ಸು ಅನ್ನೋದು ಯಾರೋ ಅಂಟಿಸಿದ್ದು. ಆಮೇಲೆ ದೊಡ್ಡಪ್ಪ, ಆ ಮಾತು ಬಸವಣ್ಣಂದಲ್ಲ, ಆಯ್ದಕ್ಕಿ ಮಾರಯ್ಯಂದು. ಅವನು ಜಾಸ್ತಿ ಅಕ್ಕಿ ಆಯ್ಕಂಡು ಬಂದಾಗ ಹೆಂಡ್ತಿ ಲಕ್ಕಮ್ಮ, ಇಷ್ಟ್ಯಾಕೆ, ವಾಪಸ್ ಸುರಿದು ಬಾ ಅಂದ್ಲು.

*ದೊಡ್ಡಪ್ಪ:* ಎರಡು ವರ್ಷದ ಕಬ್ಬಿನ ದುಡ್ಡು ಸುರಿದು ಇಂಜಿನಿಯರ್ ಓದ್ಸಿದ್ದು ನನ್ನ ತಿದ್ದಕ್ಕೇನ್ಲಾ?

*ಪುಟ್ಟಚಿಕ್ಕಪ್ಪ:* ಅಣ್ಣ, ಆ ಕಬ್ಬು ಕೂಡುಮನೇದು. ನಿನ್ನೊಬ್ಬಂದಲ್ಲ.

ಲೋಕಿ ಪುಟ್ಟಚಿಕ್ಕಪ್ಪನ ಮಗ. ಫೀಸಿನ ವಿಚಾರ ಎತ್ತಿದರೆ ಚಿಕ್ಕಪ್ಪ ಎಲ್ಲಿದ್ದರೂ ಎದ್ದು ಬರುತ್ತಾರೆ. ಇದೇ ಗದ್ದಲದ ನಡುವೆ 8:03ಕ್ಕೆ ಮಂಜ ಬರೆದ: “ವಾರಕ್ಕೆ 60 ಗಂಟೆ ಆಗ್ತಾ ಅದೆ ನಂದು. ಅದಕ್ಕೇ ಕಳಿಸ್ದೆ.” ಲೋಕಿ ಒಬ್ಬನೇ ಓದಿದ್ದು. 1948ರ ಕಾರ್ಖಾನೆ ಕಾಯ್ದೆಯಲ್ಲೇ ವಾರಕ್ಕೆ 48 ಗಂಟೆ ಅಂತಿತ್ತು, ಮೇಲಿನದಕ್ಕೆ ಎರಡರಷ್ಟು ಕೂಲಿ ಅಂದ. “ಅದನ್ನ ನಮ್ಮ ಸೂಪರ್‌ವೈಸರ್‌ಗೆ ನೀನೇ ಫಾರ್ವರ್ಡ್ ಮಾಡಣ್ಣ 😂” ಅಂದು ಮಂಜ ಮಲಗಿದ.

*ಸುಮಾ:* ಆಟ ಅಂದ್ರೆ ಜಗಲಿ ಕಲ್ಲಿನ ಚೌಕಾಬಾರ ಕಣ್ರೋ! ಕವಡೆ ಕಳೆದೋದಾಗ ಹುಣಸೆ ಬೀಜನ ನೆಲಕ್ಕೆ ಉಜ್ಜಿ ಒಂದು ಮಗ್ಗಲು ಬೆಳ್ಳಗೆ ಮಾಡ್ಕೊತಿದ್ವಿ. ಬೆರಳು ಸುಡೋದು. ನಾಲ್ಕೂ ಬೋರಲು ಬಿದ್ರೆ ಬಾರ, ಎಂಟು! ಚಿಕ್ಕಪ್ಪ ಮಾತ್ರ ಒಂದು ಬೀಜ ಅಂಗೈಲೇ ಇಟ್ಕಂಡು ಮೋಸ 😄

*ರವಿ ಭಾವ:* ಮುಮ್ಮಡಿ ಕೃಷ್ಣರಾಜ ಒಡೆಯರೇ ಆಟದ ಮಣೆಗಳನ್ನ ರಚಿಸಿದ್ರು. ಚದುರಂಗದ ಕುದುರೆ 64 ಮನೇನೂ ಒಂದೊಂದೇ ಸಲ ಮುಟ್ಟಿ ಬರೋ ಲೆಕ್ಕ ಬಿಡಿಸಿದ್ರು.

*ದೊಡ್ಡಪ್ಪ:* ಅರಸ್ರು ಗದ್ದೆ ನಾಟಿ ಮಾಡ್ಬೇಕಿತ್ತಾ?

*ಪುಟ್ಟಚಿಕ್ಕಪ್ಪ:* ಮೋಸ ನಂದಂತೆ. ಆ ಕಲ್ಲು ಎಲ್ಲೋಯ್ತು ಕೇಳಮ್ಮ ಸುಮಾ, ನಿಮ್ಮ ದೊಡ್ಡಪ್ಪನ್ನ.

*ದೊಡ್ಡಪ್ಪ:* ಟೈಲ್ಸ್ ಹಾಕ್ಸಿದ್ದು ಯಾರು?

*ಪುಟ್ಟಚಿಕ್ಕಪ್ಪ:* ಹಾಕ್ಸು ಅಂದಿದ್ದು ಯಾರು?

ಇಲ್ಲಿಂದ ನಲವತ್ತೊಂದು ಮೆಸೇಜು. ಟೈಲ್ಸಿನ ಬಣ್ಣ, ಮೇಸ್ತ್ರಿ ಕೂಲಿ, ಅಜ್ಜಿ ತಿಥಿಗೆ ಯಾರು ತಡವಾಗಿ ಬಂದರು. ಎಲ್ಲ ಹಾಕುವಷ್ಟು ತಾಳ್ಮೆ ನನಗಿಲ್ಲ. 10:50ಕ್ಕೆ ದೊಡ್ಡಪ್ಪ ಮತ್ತೆ ಉಪದೇಶಕ್ಕೆ ಬಂದರು.

*ದೊಡ್ಡಪ್ಪ:* ನಮ್ಮಪ್ಪ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಟ್ಟೋರಲ್ಲ. ಬಸವನ ವಾರ. ಎತ್ತಿಗೂ ರಜಾ, ನಮಗೂ ರಜಾ. ಯಾವ ಸಂಸ್ಥೆ ಹೇಳ್ಕೊಟ್ಟಿತ್ತು?

ಜಯತ್ತೆ ಗುಂಪಿನಲ್ಲಿ ಮಾತಾಡುವವರಲ್ಲ. ಹಬ್ಬಕ್ಕೊಂದು ಹೂವಿನ ಚಿತ್ರ, ಅಷ್ಟೆ. ಅವರದೊಂದು ವಾಯ್ಸ್ ಮೆಸೇಜ್ ಬಂತು. ಹಿಂದೆ ಕುಕ್ಕರ್ ಕೂಗುತ್ತಿತ್ತು.

“ಅಣ್ಣಯ್ಯ, ಎತ್ತಿಗೆ ರಜಾ, ಸರಿ. ಅವತ್ತೇ ಅಲ್ವಾ ಮನೆ ಸಾರ್ಸೋದು, ಅಷ್ಟೂ ಬಟ್ಟೆ ವಿ.ಸಿ. ನಾಲೆಗೆ ಹೊತ್ಕಂಡೋಗೋದು? ಅವ್ವ ಮಧ್ಯಾಹ್ನ ಒಂದು ಗಳಿಗೆ ಆಡಕ್ಕೆ ಕೂತ್ಕಂಡ್ರೂ ಮಡಿಲಲ್ಲಿ ಅವರೆಕಾಯಿ. ಎರಡೂ ಕೈಲಿ ಸುಲೀತಾ ಇದ್ಲು. ಅವಳ ಕವಡೆ ನಾನು ಹಾಕ್ತಿದ್ದೆ. ‘ಜಯಿ, ಎಷ್ಟು ಬಿತ್ತು?’ ಅನ್ನೋಳು, ತಲೆ ಎತ್ತುತಿರಲಿಲ್ಲ. ಅವಳಿಗೆ ಯಾವ ವಾರ ರಜಾ ಇತ್ತು, ನೀನೇ ಹೇಳು.”

ಯಾರೂ ಏನೂ ಬರೆಯಲಿಲ್ಲ. ಹನ್ನೆರಡು ನಿಮಿಷ ಕಳೆದು ರವಿ ಭಾವ ಸೂರ್ಯಕಾಂತಿ ಇರುವ ‘ಗುಡ್ ಮಾರ್ನಿಂಗ್’ ಹಾಕಿದರು. ಅದು ಬೇರೆ ಗುಂಪಿಗೆ ಹೋಗಬೇಕಿತ್ತೋ ಏನೋ.

ಆಮೇಲೆ ಜಯತ್ತೆಯ ಫೋಟೊ. ಅವರ ಹಿತ್ತಿಲು, ನಲ್ಲಿ, ನೀಲಿ ಬಕೆಟ್ಟು. ಕೆಳಗೆ ಒದ್ದೆ ಕಲ್ಲು, ಮೇಲೆ ಸೋಪಿನ ನೊರೆ. ನೊರೆ ಇಲ್ಲದ ಮೂಲೆಯಲ್ಲಿ ಚೌಕಾಬಾರದ ಗೆರೆಗಳು, ಕಾಯಿ ಹೊಡೆಯುವಂತಿಲ್ಲದ ಕಟ್ಟೆಮನೆಯ ಕತ್ತರಿ ಗುರುತು ಅರ್ಧ ಸವೆದು.

*ಜಯತ್ತೆ:* ಇದೇ ಕಲ್ಲು. ಬೀದೀಲಿ ಬಿದ್ದಿತ್ತು, ಟ್ರ್ಯಾಕ್ಟರಲ್ಲಿ ಹಾಕಿಸ್ಕಂಡು ಬಂದೆ. ಬಟ್ಟೆ ಒಗೆಯಕ್ಕೆ ಚೆನ್ನಾಗದೆ.

*ಸುಮಾ:* ಅಯ್ಯೋ ಅತ್ತೆ 😭😭

*ದೊಡ್ಡಪ್ಪ:* ಜಯಿ, ಆ ಕಲ್ಲು ಭಾಗ ಆದಾಗ ನನ್ನ ಪಾಲಿಗೆ ಬಂದಿತ್ತು.

*ಲೋಕಿ:* ಸೋರ್ಸ್ ಎಲ್ಲಿ ದೊಡ್ಡಪ್ಪ?