ಅಪ್ಪನ ಸ್ಪೂಲ್ ಟೇಪುಗಳಿಗೆ 38 ಸೆಂಟಿಮೀಟರ್ ವೇಗದ ಡೆಕ್ ಕೊಳ್ಳಬಹುದೇ?

ಡೊಂಬಿವಿಲಿ ಶ್ರೋತೃ:

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು ಅರವತ್ತು ಮತ್ತು ಎಪ್ಪತ್ತರ ದಶಕಗಳಲ್ಲಿ ಮಾಟುಂಗಾ, ದಾದರ್‌ಗಳ ಮನೆ ಬೈಠಕ್‌ಗಳಿಗೆ ಗ್ರುಂಡಿಗ್ ಸ್ಪೂಲ್ ರೆಕಾರ್ಡರ್ ಹೊತ್ತುಕೊಂಡು ಹೋಗಿ ಮುದ್ರಿಸಿಕೊಂಡ ಹದಿನಾಲ್ಕು ಸ್ಪೂಲುಗಳು ನನ್ನ ಪಾಲಿಗೆ ಬಂದಿವೆ. ಡಬ್ಬಗಳ ಮೇಲೆ ಅವರದೇ ಕೈಬರಹದಲ್ಲಿ ರಾಗದ ಹೆಸರು, ತಾರೀಖು ಮತ್ತು ‘9.5, ಮೋನೊ, ಎರಡೂ ಬದಿ’ ಎಂದಿದೆ. ಆ ರೆಕಾರ್ಡರ್ ಗುಜರಿಗೆ ಹೋಗಿ ಬಹಳ ಕಾಲವಾಯಿತು.

ನನ್ನ ಬಳಿ ಈಗ ವಾಲ್ವ್ ಆಂಪ್ಲಿಫೈಯರೂ ಅದಕ್ಕೆ ಒಪ್ಪುವ ದೊಡ್ಡ ಸ್ಪೀಕರುಗಳೂ ಇವೆ. ಹಿಂದೊಮ್ಮೆ ಅಮೆರಿಕದಿಂದ ಬಂದಿದ್ದ, ಸೆಕೆಂಡಿಗೆ 19 ಮತ್ತು 38 ಸೆಂಟಿಮೀಟರ್ ವೇಗದ, ಎರಡು ಟ್ರ್ಯಾಕಿನ ಸ್ಟೀರಿಯೊ ಡೆಕ್ ಒಂದು ಲ್ಯಾಮಿಂಗ್ಟನ್ ರಸ್ತೆಯ ಪರಿಚಯದವರಲ್ಲಿ ಮಾರಾಟಕ್ಕಿದೆ. 230 ವೋಲ್ಟನ್ನು ಇಳಿಸುವ ಟ್ರಾನ್ಸ್‌ಫಾರ್ಮರ್ ಜೋಡಿಸಿದರೆ ಸಾಕೆಂದು ಅವರು ಹೇಳುತ್ತಾರೆ. ಅಪ್ಪನ ಸ್ಪೂಲುಗಳ ಜೊತೆಗೆ ಸ್ಟುಡಿಯೊ ಮಾಸ್ಟರ್ ಟೇಪಿನ ಪ್ರತಿಗಳನ್ನೂ ಕೇಳಬಹುದೆಂಬ ಆಸೆ ನನಗಿದೆ. ತಿಳಿದವರು ಸಲಹೆ ಕೊಡಬೇಕು.

ಕೊಥ್ರೂಡ್ ತಂಬೂರಿ:

ಶ್ರೋತೃ ಅವರೇ, ದಯವಿಟ್ಟು ಮುಂಗಡ ಕೊಡಬೇಡಿ. ತಮ್ಮ ತಂದೆಯವರ ಟೇಪು ಸೆಕೆಂಡಿಗೆ 9.5 ಸೆಂಟಿಮೀಟರ್ ಓಡಿದರೆ ಮಾತ್ರ ಸರಿಯಾಗಿ ಹಾಡುತ್ತದೆ. ಆ ಡೆಕ್ಕಿನ ಕನಿಷ್ಠ ವೇಗವೇ 19 ಆಗಿರುವುದರಿಂದ ಗಾಯಕರು ಇಮ್ಮಡಿ ಲಯದಲ್ಲಿ, ಒಂದು ಸಪ್ತಕ ಮೇಲಿನಿಂದ ಹಾಡಿದಂತೆ ಕೇಳಿಸುತ್ತದೆ. ಕಂಪ್ಯೂಟರಿಗೆ ಇಳಿಸಿಕೊಂಡು ವೇಗವನ್ನು ಅರ್ಧ ಮಾಡಬಹುದೆಂದು ಕೆಲವರು ಹೇಳುವುದುಂಟು, ಆದರೆ ಆಗ ಈಕ್ವಲೈಸೇಶನ್, ಅಂದರೆ ವೇಗಕ್ಕೆ ತಕ್ಕಂತೆ ಮಂದ್ರ-ತಾರ ನಾದಗಳನ್ನು ಹೊಂದಿಸುವ ತಿದ್ದುಪಡಿ, ತಪ್ಪುತ್ತದೆ, ಮೇಲಾಗಿ ತಮ್ಮ ವಾಲ್ವ್ ಆಂಪ್ಲಿಫೈಯರಿಗೆ ಅಲ್ಲಿ ಕೆಲಸವೇ ಉಳಿಯುವುದಿಲ್ಲ.

ಟ್ರಾನ್ಸ್‌ಫಾರ್ಮರಿನ ಮಾತಂತೂ ಅರ್ಧ ಸತ್ಯ. ಅದು ವೋಲ್ಟನ್ನು ಇಳಿಸುತ್ತದೆಯೇ ಹೊರತು ವಿದ್ಯುತ್ತಿನ ಆವರ್ತನವನ್ನು ಬದಲಿಸುವುದಿಲ್ಲ. ಅಮೆರಿಕದಲ್ಲಿ 60 ಹರ್ಟ್ಸ್, ನಮ್ಮಲ್ಲಿ 50. ಟೇಪನ್ನು ಎಳೆಯುವ ಕ್ಯಾಪ್‌ಸ್ಟನ್ ಎಂಬ ದಂಡದ ಮೋಟಾರು ಸಿಂಕ್ರನಸ್ ಆಗಿದ್ದರೆ ಅದು ಈ ಆವರ್ತನವನ್ನೇ ಅನುಸರಿಸಿ ಆರರಲ್ಲಿ ಐದು ಪಾಲು ವೇಗದಲ್ಲಿ ತಿರುಗುತ್ತದೆ. ಹಾರ್ಮೋನಿಯಂನ ಕಪ್ಪು ಒಂದರ ಷಡ್ಜ ಕೆಳಗಿನ ಕಪ್ಪು ಐದರ ಬಳಿಗೆ ಜಾರುತ್ತದೆ. ಕೆಲವು ಜಪಾನಿ ಡೆಕ್ಕುಗಳಲ್ಲಿ 50 ಮತ್ತು 60 ಹರ್ಟ್ಸ್‌ಗೆಂದು ಪುಲ್ಲಿಯನ್ನು ಬದಲಿಸುವ ಅನುಕೂಲವಿತ್ತು. ರೆವಾಕ್ಸ್ ಎ77 ಮತ್ತು ಬಿ77 ಯಂತ್ರಗಳಲ್ಲಿ ಕ್ಯಾಪ್‌ಸ್ಟನ್ ವೇಗವನ್ನು ಎಲೆಕ್ಟ್ರಾನಿಕ್ ಸರ್ವೊ (ವೇಗವನ್ನು ತಾನೇ ಅಳೆದು ತಿದ್ದುವ ವ್ಯವಸ್ಥೆ) ಕಾಯ್ದುಕೊಳ್ಳುವುದರಿಂದ ಈ ತೊಡಕೇ ಇಲ್ಲ. ಅವುಗಳಲ್ಲಿಯೂ 9.5 ಮತ್ತು 19ರ ಸಾಮಾನ್ಯ ಮಾದರಿಯನ್ನೇ ಹುಡುಕಿ. 19 ಮತ್ತು 38ರ ಮಾದರಿಯಾದರೆ ಮತ್ತೆ ಇಮ್ಮಡಿ ಲಯದ ಗೋಳೇ.

ಇನ್ನೊಂದು ವಿಷಯ ತಿಳಿದಿರದಿದ್ದರೆ ಮೊದಲ ದಿನವೇ ಗಾಬರಿಯಾಗುತ್ತೀರಿ. ಎರಡೂ ಬದಿಗೆ ಮುದ್ರಿಸಿದ ಮೋನೊ ಟೇಪನ್ನು ಡೆಕ್ಕಿನಲ್ಲಿ ಟೇಪನ್ನು ಓದುವ ಸ್ಟೀರಿಯೊ ಹೆಡ್ಡಿನ ಮೇಲೆ ಓಡಿಸಿದಾಗ ಎಡ ಸ್ಪೀಕರಿನಲ್ಲಿ ಗಾಯನ ಸರಿಯಾಗಿ ಬಂದರೂ ಬಲ ಸ್ಪೀಕರಿನಲ್ಲಿ ಇನ್ನೊಂದು ಬದಿಯ ಗಾಯನ ಹಿಂದುಮುಂದಾಗಿ ಕೇಳಿಸುತ್ತದೆ. ಟೇಪು ಕೆಟ್ಟಿಲ್ಲ. ಎಡ ಚಾನೆಲನ್ನು ಮಾತ್ರ ತೆಗೆದುಕೊಂಡು ಎರಡೂ ಸ್ಪೀಕರುಗಳಿಗೆ ಕೊಟ್ಟರಾಯಿತು.

ಮುಲುಂಡ್ ರಸಿಕ:

ತಂಬೂರಿಯವರ ಮಾತನ್ನು ಒಪ್ಪುತ್ತೇನೆ, ಆದರೆ 38ರ ಡೆಕ್ ಬೇಡವೇ ಬೇಡ ಎನ್ನುವುದು ನನಗೆ ಕಷ್ಟ. ಕಾಲು ಅಂಗುಲದ ಟೇಪಿನಲ್ಲಿ ಎರಡೇ ಟ್ರ್ಯಾಕು, ಸೆಕೆಂಡಿಗೆ 38 ಸೆಂಟಿಮೀಟರ್ ಓಟ: ಹಾಗೆ ಮುದ್ರಿಸಿದ ಪ್ರತಿಯಲ್ಲಿ ಡಗ್ಗಾದ (ತಬಲಾ ಜೋಡಿಯ ಎಡಗೈ ವಾದ್ಯದ) ಗುಂಕಿ ಕೋಣೆಯೊಳಗೆ ಬಂದು ಕೂರುವ ಬಗೆಯನ್ನು ಕೇಳಿದವರೇ ಬಲ್ಲರು. ಅದರ ಖರ್ಚೂ ಅಷ್ಟೇ ದೊಡ್ಡದು. ಹತ್ತೂವರೆ ಅಂಗುಲದ ಸ್ಪೂಲಿನಲ್ಲಿ 2500 ಅಡಿ ಟೇಪು ಹಿಡಿಯುತ್ತದೆ, ಅದು ಮೂವತ್ಮೂರು ನಿಮಿಷಗಳಲ್ಲಿ ಮುಗಿದುಹೋಗುತ್ತದೆ. ಮಾಸ್ಟರ್ ಪ್ರತಿಯೊಂದಕ್ಕೆ ನೂರಾರು ಡಾಲರ್ ತೆರಬೇಕು. ಒಂದು ಬಡಾ ಖ್ಯಾಲ್ ಮುಗಿಯುವ ಮೊದಲೇ ಸ್ಪೂಲು ಮುಗಿದರೆ ಆಗುವ ಸಂಕಟವೇ ಬೇರೆ.

ಅಂತಹ ಪ್ರತಿಗಳಲ್ಲಿ ಹೆಚ್ಚಿನವು ಐಇಸಿ ಎಂಬ ಮಾನಕದ ಈಕ್ವಲೈಸೇಶನ್ನಿನವು, ಅಂದರೆ 35 ಮೈಕ್ರೊಸೆಕೆಂಡಿನವು. ಅಮೆರಿಕದ ಡೆಕ್ಕುಗಳಲ್ಲಿರುವುದು ಸಾಮಾನ್ಯವಾಗಿ 50 ಮತ್ತು 3180 ಮೈಕ್ರೊಸೆಕೆಂಡಿನ ಎನ್‌ಎಬಿ ಎಂಬ ಇನ್ನೊಂದು ಮಾನಕ. ಐಇಸಿ ಟೇಪನ್ನು ಎನ್‌ಎಬಿ ಡೆಕ್ಕಿನಲ್ಲಿ ಹಾಕಿದರೆ ಮೇಲಿನ ನಾದ ಸುಮಾರು ಮೂರು ಡೆಸಿಬೆಲ್ ಹರಿತವಾಗಿ ಮಂದ್ರ ಬಡವಾಗುತ್ತದೆ, ಕೊಂಡವರು ಸ್ಪೀಕರನ್ನು ಬಯ್ಯುತ್ತಾರೆ. ಆದ್ದರಿಂದ ಎರಡನ್ನೂ ಆರಿಸಿಕೊಳ್ಳುವ ಗುಂಡಿ ಇರುವ ಡೆಕ್ ಸಿಗುವವರೆಗೆ ಮಾಸ್ಟರ್ ಪ್ರತಿಗಳ ಆಸೆಯನ್ನು ಬದಿಗಿಡಿ.

ಮಡಗಾಂವ್ ಮಳೆ:

ಯಂತ್ರಕ್ಕಿಂತ ಮೊದಲು ಟೇಪು ನೋಡಿ. ಸ್ಪೂಲನ್ನು ಬೆಳಕಿಗೆ ಅಡ್ಡವಾಗಿ ಹಿಡಿದಾಗ ಸುರುಳಿಯ ಮೂಲಕ ಬೆಳಕು ಮಸುಕಾಗಿ ಹಾಯ್ದರೆ ಟೇಪಿನ ಆಧಾರ ಪಟ್ಟಿ ಅಸಿಟೇಟ್, ಕತ್ತಲಾಗಿಯೇ ಉಳಿದರೆ ಪಾಲಿಯೆಸ್ಟರ್. ಅಸಿಟೇಟ್ ಹಳತಾದಂತೆ ವಿನೆಗರ್ ವಾಸನೆ ಬರಿಸಿಕೊಂಡು ಪೆಡಸಾಗುತ್ತದೆ, ತಟಕ್ಕನೆ ತುಂಡಾಗುತ್ತದೆ. ಟೇಪನ್ನು ಸಣ್ಣ ಕಾವಿನಲ್ಲಿ ಗಂಟೆಗಟ್ಟಲೆ ಬೇಯಿಸಬೇಕೆಂದು ಯಾರಾದರೂ ಹೇಳಿದರೆ ಕೇಳಬೇಡಿ: ಅದು ತೇವ ಹೀರಿ ಅಂಟಂಟಾಗುವ ಎಪ್ಪತ್ತು-ಎಂಬತ್ತರ ದಶಕದ ಆಂಪೆಕ್ಸ್ 456ರಂಥ ಟೇಪುಗಳಿಗೆ ಇರುವ ಉಪಾಯ, ಅಸಿಟೇಟನ್ನು ಅದು ಹಾಳುಮಾಡುತ್ತದೆ.

ನಮ್ಮ ಕರಾವಳಿಯ ಮಳೆಗಾಲದಲ್ಲಿ ಬೂಷ್ಟು ಹಿಡಿಯದ ಸ್ಪೂಲು ಅಪರೂಪ. ಬಿಳಿ ಪುಡಿ ಕಂಡರೆ ಅದನ್ನು ತೆಗೆಯುವವರೆಗೆ ಡೆಕ್ಕಿಗೆ ಏರಿಸಬೇಡಿ, ಬೂಷ್ಟು ಹೆಡ್ಡಿಗೂ ಮುಂದಿನ ಸ್ಪೂಲಿಗೂ ಹರಡುತ್ತದೆ. ವೇಗವಾಗಿ ಸುತ್ತುವ ಗುಂಡಿಯನ್ನು ಮೊದಲ ಸಲವಂತೂ ಮುಟ್ಟಲೇಬೇಡಿ.

ಡೊಂಬಿವಿಲಿ ಶ್ರೋತೃ:

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಟಾರ್ಚ್ ಹಿಡಿದು ನೋಡಿದೆ. ಐದು ಸ್ಪೂಲುಗಳ ಮೂಲಕ ಬೆಳಕು ಹಾಯಿತು, ಅವುಗಳಲ್ಲಿ ಒಂದರ ಡಬ್ಬ ತೆರೆದೊಡನೆ ಹುಳಿ ವಾಸನೆ ಬಂದಿತು. ಅದರ ಮೇಲೆ ಅಪ್ಪ ‘ಮಾರ್ವಾ, ಪೂರ್ಣ’ ಎಂದು ಬರೆದಿದ್ದಾರೆ. ಲ್ಯಾಮಿಂಗ್ಟನ್ ರಸ್ತೆಯವರಿಗೆ ಬೇಡವೆಂದು ತಿಳಿಸಿದ್ದೇನೆ. ತಂಬೂರಿಯವರೇ, ತಮ್ಮಲ್ಲಿ 9.5ರ ಯಂತ್ರ ಇದ್ದರೆ, ಆ ಒಂದು ಸ್ಪೂಲನ್ನು ಹಿಡಿದುಕೊಂಡು ಭಾನುವಾರ ಪುಣೆಗೆ ಬರಬಹುದೇ?

ಕೊಥ್ರೂಡ್ ತಂಬೂರಿ:

ಖಂಡಿತ ಬನ್ನಿ. ಅದನ್ನು ಉಳಿದ ಸ್ಪೂಲುಗಳಿಂದ ಇಂದೇ ಬೇರೆ ಇಡಿ, ಬಿಸಿಲಿಗೆ ಒಡ್ಡಬೇಡಿ. ಇಲ್ಲಿ ಒಂದೇ ಸಲ ಓಡಿಸೋಣ, ಆ ಒಂದು ಸಲದಲ್ಲೇ ಪ್ರತಿಯನ್ನೂ ಮಾಡಿಕೊಳ್ಳೋಣ.