ಸಹಾಯ ಬೇಕು: ಹಳೆ ಆಂಪ್ಲಿಫೈಯರ್‌ಗೆ ಇಎಲ್ 84 ವಾಲ್ವ್

ಎಲ್ಲರಿಗೂ ನಮಸ್ಕಾರ್ರೀ. ನಾನು ಬೆಳಗಾವಿ ಶಹಾಪುರದವನು. ಅಪ್ಪನ ಕಾಲದ ಸ್ಟೀರಿಯೋ ವಾಲ್ವ್ ಆಂಪ್ಲಿಫೈಯರ್‌ಗೆ ಇಎಲ್ 84 ವಾಲ್ವ್ (ದನಿ ದೊಡ್ಡದು ಮಾಡುವ ಗಾಜಿನ ನಿರ್ವಾತ ಕೊಳವೆ) ಒಂದು ಜೋಡಿ ಬೇಕಾಗಿದೆ. ಇರುವ ನಾಲ್ಕರಲ್ಲಿ ಒಂದರ ಕಥೆ ಮುಗಿದಿದೆ. ಗಾಜಿನ ತಲೆಯಲ್ಲಿ ಕನ್ನಡಿಯ ಹಾಗೆ ಹೊಳೆಯುತ್ತಿದ್ದ ಲೇಪ ಪೂರ್ತಿ ಬೆಳ್ಳಗಾಗಿದೆ, ಅಂದರೆ ಒಳಗೆ ಗಾಳಿ ಹೊಕ್ಕಿದೆ. ಎರಡೆರಡು ವಾಲ್ವ್ ಜೋಡಿಯಾಗಿ ಕೆಲಸ ಮಾಡುವ ಪುಶ್-ಪುಲ್ ಸರ್ಕ್ಯೂಟ್ ಆದ್ದರಿಂದ ಒಂದನ್ನೇ ಬದಲಿಸಿದರೆ ಸಾಲದು, ಹೊಂದುವ ಜೋಡಿಯೇ ಬೇಕು ಅಲ್ವಾ?

ಆನ್‌ಲೈನ್‌ನಲ್ಲಿ ಯುರೋಪಿನ ಹಳೆ ವಾಲ್ವ್‌ಗಳ ರೇಟು ನೋಡಿ ಎದೆ ಧಸಕ್ ಅಂತು. ಡಬ್ಬಿ ಮೇಲಿನ ಹೆಸರಿಗೇ ಜಾಸ್ತಿ ದುಡ್ಡು! ನನಗೆ ಆ ಹುಚ್ಚಿಲ್ಲ. ನಮ್ಮ ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ಬಿಇಎಲ್‌ನವು, ಇಲ್ಲವೇ ಇದಕ್ಕೆ ಸಮನಾದ ರಷ್ಯಾದ 6ಪಿ14ಪಿ ಸಿಕ್ಕರೂ ನಡೀತದೆ.

ಖಡೇಬಜಾರ್, ಹುಬ್ಬಳ್ಳಿ, ವಿಜಯಪುರ ಕಡೆ ಹಳೆ ರೇಡಿಯೋ ರಿಪೇರಿಯವರ ಹತ್ತಿರ ಸ್ಟಾಕ್ ಇದ್ದರೆ ತಿಳಿಸಿ. ವಾಲ್ವ್ ಟೆಸ್ಟರ್ ಇಟ್ಟಿರುವವರು ಗೊತ್ತಿದ್ದರೆ ಇನ್ನೂ ಒಳ್ಳೆಯದು. ಸುಮ್ನೆ ಗಾಜು ನೋಡಿ ದುಡ್ಡು ಕೊಡಲು ಧೈರ್ಯ ಸಾಲುತ್ತಿಲ್ಲ.