ಮೂಲಪ್ರತಿ, ತಾಯಿಪ್ರತಿ, ಮುಡಿ: ಸ್ಕ್ಯಾನ್ ಮಾಡಿದ ಫೋಟೋಗೆ ಯಾವ ಪದ?

ಮನೆಯ ಹಳೇ ಫೋಟೋಗಳನ್ನೆಲ್ಲ ಸ್ಕ್ಯಾನ್ ಮಾಡಿ ಒಂದು ಕಡೆ ಕೂಡಿಡುವ ಕೆಲಸಕ್ಕೆ ಇಳಿದಿದ್ದೇನೆ. ನೆಂಟರಿಗೆ ಅಂತ ಕನ್ನಡದಲ್ಲೇ ಒಂದು ಪುಟ ಸೂಚನೆ ಬರೆದೆ. 'ವಾಟ್ಸಾಪ್‌ನಲ್ಲಿ ಬೇಡ, ಅದು ಫೋಟೋ ಕುಗ್ಗಿಸುತ್ತದೆ, ಮೂಲಪ್ರತಿಯನ್ನೇ ಕಳಿಸಿ' ಅಂತ ಅದರಲ್ಲಿತ್ತು. ನನ್ನ ಮನಸ್ಸಿನಲ್ಲಿದ್ದದ್ದು ಸ್ಕ್ಯಾನರ್‌ನಿಂದ ಬಂದ ಟಿಫ್ ಫೈಲ್, ಅಂದರೆ ಗುಣಮಟ್ಟ ಕೆಡದಂತೆ ಉಳಿಸಿದ ದೊಡ್ಡ ಚಿತ್ರ. ತೀರ್ಥಹಳ್ಳಿಯ ದೊಡ್ಡಪ್ಪನ ಮಗ ಆಲ್ಬಮನ್ನೇ ಬಸ್ಸಿಗೆ ಹಾಕಿಬಿಟ್ಟ! ಕರಿ ಹಾಳೆ, ಮಧ್ಯೆ ಮಧ್ಯೆ ಬಟರ್ ಪೇಪರ್, ಫೋಟೋ ಹಿಡಿದಿಡುವ ಪುಟ್ಟ ತ್ರಿಕೋನದ ಮೂಲೆಗಳು ಅರ್ಧ ಉದುರಿ ಚೀಲದ ತಳದಲ್ಲಿ ಬಿದ್ದಿದ್ದವು. ಅವನದೇನೂ ತಪ್ಪಿಲ್ಲ. ಮೂಲ ಅಂದರೆ ಕಾಗದದ ಫೋಟೋನೇ ಅಲ್ವಾ?

ತೊಡಕು ಇರುವುದು ಇಲ್ಲೇ. ಒಂದೇ ಫೋಟೋಗೆ ಈಗ ಮೂರು ರೂಪ. ಕಾಗದದ್ದು ಮೂಲ. ಹಂಚುವುದಕ್ಕೆ ಮಾಡಿದ ಚಿಕ್ಕ ಜೆಪೆಗ್ ಪ್ರತಿ. ನಡುವಿನ ಟಿಫ್‌ಗೆ ಏನನ್ನಬೇಕು? ಜೆಪೆಗ್ ತಿದ್ದಿ ಉಳಿಸಿದಷ್ಟು ಸಲವೂ ಚೂರು ಕೆಡುತ್ತದೆ, ಹಾಗಾಗಿ ಟಿಫ್ ಅನ್ನು ಮುಟ್ಟದೆ ಇಟ್ಟು, ಬೇಕಾದಾಗ ಅದರಿಂದ ಹೊಸ ಜೆಪೆಗ್ ತೆಗೆಯುವುದು ರೂಢಿ. ಓಲೆಗರಿಗಳ ಕೆಲಸದಲ್ಲಿ, ಯಾವುದನ್ನು ನೋಡಿ ನಕಲು ಮಾಡಿದರೋ ಅದನ್ನು ಮಾತೃಪ್ರತಿ ಅನ್ನುತ್ತಾರೆ. ಅದನ್ನೇ 'ತಾಯಿಪ್ರತಿ' ಮಾಡಿಕೊಂಡೆ. ಮಾತಿನಲ್ಲಿ ಚೆನ್ನಾಗಿತ್ತು. ಫೈಲ್ ಹೆಸರಿಗೆ ಬಂದಾಗ ಕೆಟ್ಟಿತು: '1974-05-12_ತೀರ್ಥಹಳ್ಳಿ_ಗೃಹಪ್ರವೇಶ_003_ತಾಯಿ'. ಅತ್ತಿಗೆ ನೋಡಿ, 'ಇದರಾಗ ಅವ್ವ ಎಲ್ಲಿದ್ದಾರ?' ಅಂದರು.

(ಅತ್ತಿಗೆ ಧಾರವಾಡದವರು. 'ಫೈಲುಗಳಿಗೆ ಹೆಸರಿಡುವ ಕ್ರಮ' ಅನ್ನುವ ತಲೆಬರಹಕ್ಕೂ ನಕ್ಕಿದ್ದರು. ಅವರ ಕಡೆ ಹೆಸರಿಡೋದು ಅಂದರೆ ಕೊಂಕು ತೆಗೆಯೋದು ಅಂತಲೂ ಆಗುತ್ತದಂತೆ. ಅಲ್ಲಿ 'ಹೆಸರು ಕೊಡುವ' ಅಂತ ತಿದ್ದಿದೆ.)

ಇಸವಿ ಮೊದಲು, ಆಮೇಲೆ ತಿಂಗಳು, ದಿನ, 3ರ ಬದಲು 003, ಇದೆಲ್ಲ ಎಲ್ಲರಿಗೂ ಬೇಗ ಹತ್ತಿತು. ಕೊನೆಯ ಆ ಒಂದು ಪದ ಮಾತ್ರ ಕೂರುತ್ತಿಲ್ಲ. 'ಕಾಪು' ಅಂತ ಹಾಕಿ ನೋಡಿದೆ, ಕಾಪಾಡು ಅನ್ನುವ ಅರ್ಥದಲ್ಲಿ. ಆದರೆ ಉಡುಪಿ ಹತ್ತಿರದ ಕಾಪು ದೀಪಸ್ತಂಭದ ಮುಂದೆ ನಿಂತು ತೆಗೆಸಿಕೊಂಡ ಫೋಟೋಗಳೇ ನಮ್ಮಲ್ಲಿ ಒಂದು ಡಜನ್ ಇವೆ!

ಈಗ ಮನಸ್ಸು 'ಮುಡಿ' ಕಡೆ ವಾಲಿದೆ. ಕರಾವಳಿಯಲ್ಲಿ ಬಿತ್ತನೆ ಭತ್ತವನ್ನು ಹುಲ್ಲಿನಲ್ಲಿ ಬಿಗಿಯಾಗಿ ಸುತ್ತಿ ಕಟ್ಟಿ ಇಡುತ್ತಾರಲ್ಲ, ಆ ಮುಡಿ. ಹಸಿವಾಯಿತು ಅಂತ ಅದನ್ನು ಬಿಚ್ಚುವುದಿಲ್ಲ. ಟಿಫ್‌ನ ಕೆಲಸವೂ ಅದೇ. ಆದರೆ ಬಯಲುಸೀಮೆಯವರಿಗೆ ಮುಡಿ ಅಂದ ಕೂಡಲೇ ತಲೆಗೂದಲು, ಇಲ್ಲವೇ ತಿರುಪತಿ ನೆನಪಾಗುತ್ತದೇನೋ. ಬಿತ್ತನೆ ಕಾಳನ್ನು ಹೀಗೆ ಬೇರೆ ಎತ್ತಿಡುವುದಕ್ಕೆ ನಿಮ್ಮ ಕಡೆ ಏನನ್ನುತ್ತೀರಿ? ಎರಡು ಮೂರು ಅಕ್ಷರದ್ದಾದರೆ ಒಳ್ಳೆಯದು, ಫೈಲ್ ಹೆಸರು ಈಗಲೇ ಜಾಸ್ತಿ ಉದ್ದವಾಗಿದೆ.